ಬಾಕಿ ಮಾರಬಹುದು, ವ್ಯಾಜ್ಯ ಮಾರಲಾಗದು: ವಸೂಲಿ ಹಕ್ಕನ್ನು ಬೇರೆಯವರಿಗೆ ಬರೆದುಕೊಡುವ ಬಗೆ

ದಾವಣಗೆರೆ ಎಪಿಎಂಸಿಯ ಒಬ್ಬ ದಲಾಲರು ಕೋಳಿ ಆಹಾರ ತಯಾರಿಸುವ ಕಂಪನಿಗೆ 200 ಕ್ವಿಂಟಲ್ ಮೆಕ್ಕೆಜೋಳವನ್ನು ಕ್ವಿಂಟಲಿಗೆ 2,200 ರೂಪಾಯಿಯಂತೆ ಉದ್ರಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಟ್ಟು 4,40,000 ರೂಪಾಯಿ. ಕೈಗೆ ಬಂದದ್ದು 1,00,000. ಉಳಿದ 3,40,000ಕ್ಕೆ ಎರಡು ವರ್ಷದಿಂದ ‘ನಾಳೆ ಬನ್ನಿ’. ದಲಾಲರಿಗೆ ಹಣ ಈಗಲೇ ಬೇಕು, ಕೋರ್ಟು ಅಲೆಯಲು ಪುರುಸೊತ್ತಿಲ್ಲ. ಇನ್ನೊಬ್ಬ ವ್ಯಾಪಾರಿ ಬಂದು, ‘ಆ ಬಾಕಿ ನನಗೆ ಬರೆದುಕೊಡಿ, 2,40,000 ಇವತ್ತೇ ಎಣಿಸುತ್ತೇನೆ, ವಸೂಲಿ ನನ್ನ ತಲೆನೋವು’ ಅನ್ನುತ್ತಾರೆ. ಈ ವ್ಯವಹಾರ ಕಾನೂನಿನಲ್ಲಿ ನಿಲ್ಲುತ್ತದೆ.

ಅದೇ ಪತ್ರದ ಕೊನೆಗೆ ಒಂದು ಸಾಲು ಸೇರಿತು ಅನ್ನಿ: ‘ಕಂಪನಿಯವರು ಕೊಳ್ಳುತ್ತೇವೆಂದು ಒಪ್ಪಿದ್ದ ಇನ್ನೂ 300 ಕ್ವಿಂಟಲ್ ಎತ್ತದೆ ಕೈಕೊಟ್ಟರು, ಅದರಿಂದ ನನಗಾದ ನಷ್ಟದ ದಾವೆಯೂ ನಿಮ್ಮದೇ.’ ಆ ಸಾಲು ನಿಲ್ಲುವುದಿಲ್ಲ. ಮೊದಲನೆಯದು ಬಾಕಿ, ಎರಡನೆಯದು ಬರೀ ವ್ಯಾಜ್ಯ. ಈ ಬರಹದ ಬಹುಪಾಲು ಈ ಎರಡನ್ನೂ ಬೇರೆ ಮಾಡುವುದರ ಸುತ್ತಲೇ ಇದೆ. ಪತ್ರದ ಭಾಷೆ, ಛಾಪಾ ಕಾಗದ, ನೋಟಿಸು ಎಲ್ಲ ಅದರ ನಂತರದ ಮಾತು.

ಚಾಂಪರ್ಟಿ ಎಂಬ ಬೆದರುಬೊಂಬೆ

ಬಾಕಿ ಕೊಂಡವರು ದಾವೆ ಹಾಕಿದಾಗ ಎದುರು ಪಕ್ಷದ ಜವಾಬಿನಲ್ಲಿ ‘ಇದು ಚಾಂಪರ್ಟಿ ವ್ಯವಹಾರ, ಆದ್ದರಿಂದ ಅಸಿಂಧು’ ಎಂಬ ಸಾಲು ಆಗಾಗ ಬರುತ್ತದೆ. ಇದು ಹಳೆಯ ಫ್ರೆಂಚ್ ಮೂಲದ ಮಾತು. ಅರ್ಥ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವುದೇ: ಪಾಲಿಗೆ ಹೊಲ ಮಾಡುವುದು. ಒಬ್ಬರ ವ್ಯಾಜ್ಯಕ್ಕೆ ಮತ್ತೊಬ್ಬರು ದುಡ್ಡು ಹಾಕಿ, ಗೆದ್ದರೆ ಫಸಲಿನಲ್ಲಿ ಪಾಲು ಪಡೆಯುವುದನ್ನು ಇಂಗ್ಲೆಂಡಿನವರು 1275ರ ವೆಸ್ಟ್‌ಮಿನ್‌ಸ್ಟರ್ ಶಾಸನದ ಕಾಲದಿಂದಲೂ ಅಪರಾಧವೆಂದು ಕಂಡರು. ಬಲಾಢ್ಯ ಜಮೀನ್ದಾರರು ಕಂಡವರ ತಕರಾರು ಕೊಂಡು, ನ್ಯಾಯಾಲಯವನ್ನು ಬೆದರಿಸಿ ಭೂಮಿ ಹೊಡೆಯುತ್ತಿದ್ದದ್ದು ಅದಕ್ಕೆ ಕಾರಣ.

ಈ ನಿಯಮ ಭಾರತಕ್ಕೆ ಬರಲೇ ಇಲ್ಲ. 1876ರಲ್ಲಿ ರಾಮ್ ಕುಮಾರ್ ಕುಂಡು ಪ್ರಕರಣದಲ್ಲಿ, ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಇದನ್ನು ಬಿಡಿಸಿ ಹೇಳಿತು. ಗೆದ್ದ ಆಸ್ತಿಯಲ್ಲಿ ಪಾಲು ಸಿಗುತ್ತದೆ ಎಂದು ವ್ಯಾಜ್ಯಕ್ಕೆ ಹಣ ಒದಗಿಸುವ ನ್ಯಾಯವಾದ ಕರಾರು ಅಷ್ಟರಿಂದಲೇ ತಪ್ಪಾಗುವುದಿಲ್ಲ. ಸುಲಿಗೆಯಂತಿದ್ದರೆ, ವ್ಯಾಜ್ಯವನ್ನೇ ಜೂಜು ಮಾಡಿಕೊಂಡಿದ್ದರೆ, ಇಲ್ಲವೇ ಇನ್ನೊಬ್ಬರನ್ನು ಹಿಂಸಿಸಲು ಹೂಡಿದ ಉಪಾಯವಾಗಿದ್ದರೆ ಮಾತ್ರ ನ್ಯಾಯಾಲಯ ಅದನ್ನು ಜಾರಿ ಮಾಡುವುದಿಲ್ಲ. ಇವತ್ತಿಗೂ ಅಳತೆಗೋಲು ಇದೇ. ಕಾಯ್ದೆಯಲ್ಲಿ ಇದಕ್ಕೆ ಆಧಾರ 1872ರ ಕರಾರು ಕಾಯ್ದೆಯ 23ನೇ ಕಲಂ. ಹಾಗಾಗಿ ಆ ಜವಾಬು ನೋಡಿ ಹೆದರಬೇಕಿಲ್ಲ. ಹೆದರಬೇಕಾದದ್ದು ಬೇರೆ ಎರಡು ಅಕ್ಷರಕ್ಕೆ: 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 6(ಇ). ‘ಬರೀ ದಾವೆ ಹೂಡುವ ಹಕ್ಕನ್ನು ವರ್ಗಾಯಿಸುವಂತಿಲ್ಲ’ ಎನ್ನುತ್ತದೆ ಅದು. ಮೊದಲು ಈ ನಿಷೇಧ ಮೋಸ ಮತ್ತು ಅಕ್ರಮ ಹಾನಿಯ ಪರಿಹಾರಕ್ಕಷ್ಟೇ ಇತ್ತು. 1900ರ ತಿದ್ದುಪಡಿಯಲ್ಲಿ ಆ ಮಿತಿ ತೆಗೆದರು, ನಿಷೇಧ ಅಗಲವಾಯಿತು.

ನಿಮ್ಮ ಕೈಯಲ್ಲಿರುವುದು ಯಾವುದು?

ಅದೇ ಕಾಯ್ದೆಯ 3ನೇ ಕಲಮಿನಲ್ಲಿ ‘ಆಕ್ಷನಬಲ್ ಕ್ಲೇಮ್’ ಎಂಬ ವ್ಯಾಖ್ಯೆ ಇದೆ. ಸ್ಥಿರಾಸ್ತಿ ಅಡಮಾನದ ಭದ್ರತೆಯಾಗಲಿ, ಚರಾಸ್ತಿ ಗಿರವಿಯ ಭದ್ರತೆಯಾಗಲಿ ಇಲ್ಲದ ಸಾಲ ಇದರೊಳಗೆ ಬರುತ್ತದೆ. ಆ ಸಾಲ ಈಗಲೇ ಕೊಡಬೇಕಾದದ್ದಿರಬಹುದು, ಮುಂದೆ ಕೊಡಬೇಕಾದದ್ದಿರಬಹುದು, ಷರತ್ತಿಗೆ ಒಳಪಟ್ಟದ್ದೂ ಇರಬಹುದು. ಇದನ್ನು ಧಾರಾಳವಾಗಿ ವರ್ಗಾಯಿಸಬಹುದು.

ಪರೀಕ್ಷೆ ಸರಳ. ಎದುರಿನವರು ಕೊಡಬೇಕಾದ ಮೊತ್ತವನ್ನು ಬಿಲ್ಲು, ತೂಕದ ಚೀಟಿ, ಒಪ್ಪಿದ ದರ, ಖಾತೆ ಕಿರ್ದಿ ಇಷ್ಟನ್ನೇ ಇಟ್ಟುಕೊಂಡು ಒಬ್ಬ ಗುಮಾಸ್ತರು ಲೆಕ್ಕ ಹಾಕಬಲ್ಲರೇ? ಹಾಕಬಲ್ಲರಾದರೆ ಅದು ಬಾಕಿ. ತಪ್ಪು ಯಾರದು, ನಷ್ಟ ಎಷ್ಟು ಎಂದು ನ್ಯಾಯಾಧೀಶರೇ ತೀರ್ಮಾನಿಸಿದ ಮೇಲಷ್ಟೇ ಮೊತ್ತ ಹುಟ್ಟುವುದಾದರೆ ಅದು ಬರೀ ದಾವೆಯ ಹಕ್ಕು. ಎದುರಿನವರು ‘ನಾನು ಕೊಡಬೇಕಿಲ್ಲ’ ಎಂದು ತಕರಾರು ತೆಗೆದ ಮಾತ್ರಕ್ಕೆ ಬಾಕಿ ವ್ಯಾಜ್ಯವಾಗಿಬಿಡುವುದಿಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ತಕರಾರಿದ್ದರೂ ಬಾಕಿ ಬಾಕಿಯೇ.

ಕೊಟ್ಟ ಮಾಲಿನ ಬೆಲೆ, ಮುಗಿಸಿದ ಕೆಲಸದ ಕೂಲಿ ಅಥವಾ ಗುತ್ತಿಗೆ ಹಣ, ಬಾಕಿ ಬಾಡಿಗೆ, ಕೈಸಾಲ ಇವೆಲ್ಲ ಬರೆದುಕೊಡಬಹುದಾದವು. ಕರಾರು ಮುರಿದದ್ದಕ್ಕೆ ಕೇಳುವ ನಷ್ಟಪರಿಹಾರ, ಮಾನನಷ್ಟ, ಅಪಘಾತದಲ್ಲಾದ ಗಾಯದ ಪರಿಹಾರ, ಮೋಸಕ್ಕೆ ಪರಿಹಾರ, ಅಕ್ರಮವಾಗಿ ಹೊಲ ಉತ್ತವರಿಂದ ಹಿಂದಿನ ವರ್ಷಗಳ ಉತ್ಪನ್ನ ಕೇಳುವ ಹಕ್ಕು ಇವು ಡಿಕ್ರಿ (ನ್ಯಾಯಾಲಯದ ತೀರ್ಪಿನ ಆದೇಶ) ಆಗುವವರೆಗೂ ಬರೆದುಕೊಡಲಾಗದವು. ಡಿಕ್ರಿಯಾಗಿ ಮೊತ್ತ ನಿಂತಿತೋ, ಅಲ್ಲಿಂದಾಚೆಗೆ ಆ ಡಿಕ್ರಿಯನ್ನೇ ವರ್ಗಾಯಿಸಬಹುದು. ಮುಂದಿನ ದಿನಗಳ ಜೀವನಾಂಶದ ಹಕ್ಕು, ಸರ್ಕಾರಿ ನೌಕರರ ಸಂಬಳ, ಪಿಂಚಣಿ ಇವನ್ನು ಇದೇ 6ನೇ ಕಲಮಿನ ಬೇರೆ ಉಪಕಲಮುಗಳು ತಡೆದಿವೆ.

‘ಬರೀ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ದಾವೆಯ ಹಕ್ಕು ಸ್ವತ್ತಿನ ಜೊತೆ ಸೇರಿ ಹೋದರೆ ಅದು ‘ಬರೀ’ ಹಕ್ಕಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯನ್ನು ಕಟ್ಟಡ, ಯಂತ್ರ, ವ್ಯಾಪಾರ, ಬಾಕಿ ಸಮೇತ ಕೊಂಡವರಿಗೆ ಅದಕ್ಕೆ ಅಂಟಿಕೊಂಡ ಕ್ಲೇಮುಗಳು ಬಂದರೆ ಅದು ಒಂದು ಮಾತು. ಗಿರಣಿ ಇಟ್ಟುಕೊಂಡು ‘ಯಂತ್ರ ಪೂರೈಸಿದವನ ಮೇಲಿನ ನಷ್ಟದ ದಾವೆ ಮಾತ್ರ ನಿಮಗೆ’ ಎಂದರೆ ಅದು ಬೇರೆ ಮಾತು. ಹಾಗೆಯೇ ಕರಾರು ಇನ್ನೂ ಮುರಿಯದೆ ಜೀವಂತವಿದ್ದಾಗ ಅದರ ಲಾಭವನ್ನು ವರ್ಗಾಯಿಸಬಹುದು. 1962ರ ಖರ್ದಾ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಹಕ್ಕುಗಳನ್ನು, ವೈಯಕ್ತಿಕ ಸ್ವರೂಪದವಲ್ಲದಿದ್ದರೆ ಮತ್ತು ಕರಾರಿನಲ್ಲೇ ನಿಷೇಧವಿರದಿದ್ದರೆ, ವರ್ಗಾಯಿಸಬಹುದು, ಹೊಣೆಗಳನ್ನು ಎದುರು ಪಕ್ಷ ಒಪ್ಪದೆ ವರ್ಗಾಯಿಸಲಾಗದು. ಆದ್ದರಿಂದ ಮೂಲ ಕರಾರನ್ನು ಕೊನೆಯ ಪುಟದವರೆಗೂ ಓದಿ. ‘ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾಯಿಸತಕ್ಕದ್ದಲ್ಲ’ ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲೇ ಅಡಗಿರುತ್ತದೆ.

ವಿಮೆ ಕಂಪನಿಗಳ ದಾರಿ ಬೇರೆ. ನೂಲಿನ ಲಾರಿ ಅಪಘಾತಕ್ಕೀಡಾಗಿ ಮಾಲು ಹಾಳಾದಾಗ ವಿಮೆ ಹಣ ಕೊಟ್ಟ ಕಂಪನಿ, ಸಾಗಣೆದಾರರ ಮೇಲೆ ಮಾಲಿನ ಒಡೆಯರ ಸ್ಥಾನದಲ್ಲಿ ನಿಂತು ಹೋಗುತ್ತದೆ. ಇದಕ್ಕೆ ಸಬ್ರೋಗೇಶನ್ ಎನ್ನುತ್ತಾರೆ. 2010ರ ಚರಣ್ ಸ್ಪಿನ್ನಿಂಗ್ ಮಿಲ್ಸ್ ತೀರ್ಪು ಇದಕ್ಕೂ ವರ್ಗಾವಣೆಗೂ ಇರುವ ಗೆರೆಯನ್ನು ಎಳೆದಿದೆ. ವಿಮೆಯವರು ಸಹಿಗೆ ಕೊಡುವ ಪತ್ರವನ್ನು ಓದದೆ ಸಹಿ ಮಾಡಬೇಡಿ. ನಿಮ್ಮ ನಷ್ಟ ವಿಮೆ ಕೊಟ್ಟದ್ದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಭಾಗವನ್ನೂ ಬಿಟ್ಟುಕೊಟ್ಟಿರುವ ಸಾಧ್ಯತೆ ಇದೆ.

ಹಣ ಎಣಿಸುವ ಮುನ್ನ

ಕೊಳ್ಳುವವರಿಗೆ ಈ ಮಾತು. ಮೊದಲು ದಿನಾಂಕ ನೋಡಿ. ಉದ್ರಿ ಮಾಲಿನ ಬೆಲೆಗೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ. ವಾಯಿದೆ ಗೊತ್ತುಮಾಡದಿದ್ದರೆ ಮಾಲು ಕೊಟ್ಟ ದಿನದಿಂದ, ಮಾಡಿದ್ದರೆ ವಾಯಿದೆ ಮುಗಿದ ದಿನದಿಂದ ಎಣಿಕೆ. ಬಾಕಿ ಕೈ ಬದಲಾದ ಮಾತ್ರಕ್ಕೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುವುದಿಲ್ಲ. ಎರಡು ವರ್ಷ ಹತ್ತು ತಿಂಗಳಾದ ಬಾಕಿ ಕೊಂಡರೆ ನಿಮಗೆ ಉಳಿದದ್ದು ಎರಡೇ ತಿಂಗಳು.

ಹಾಗಾಗಿ ಸಾಲಗಾರರಿಂದ ಬಾಕಿ ಒಪ್ಪಿಗೆ ಪತ್ರ ತರಿಸಿ. ಇಂತಿಷ್ಟು ದಿನಾಂಕಕ್ಕೆ ಇಂತಿಷ್ಟು ಬಾಕಿ ಇದೆ ಎಂಬ ಎರಡು ಸಾಲು, ಸಹಿ, ತಾರೀಕು ಸಾಕು. ಇದರಿಂದ ಎರಡು ಕೆಲಸ ಆಗುತ್ತವೆ. ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಆ ತಾರೀಕಿನಿಂದ ಹೊಸ ಮೂರು ವರ್ಷ ಸಿಗುತ್ತದೆ. ‘ಮಾಲು ಹಸಿ ಇತ್ತು, ಕಲ್ಲು ಇತ್ತು’ ಎಂಬ ತಕರಾರು ಆಮೇಲೆ ಹುಟ್ಟುವುದು ಕಷ್ಟವಾಗುತ್ತದೆ. ಆದರೆ ಈ ಒಪ್ಪಿಗೆ ಮೂಲ ಮೂರು ವರ್ಷ ಮುಗಿಯುವ ಮೊದಲೇ ಬರೆದದ್ದಾಗಿರಬೇಕು. ಮುಗಿದ ಮೇಲೆ ಬರೀ ‘ಬಾಕಿ ಇದೆ’ ಎಂದರೆ ಸಾಲದು. ‘ಕೊಡುತ್ತೇನೆ’ ಎಂಬ ಸ್ಪಷ್ಟ ಲಿಖಿತ ಮಾತೇ ಬೇಕು, ಕರಾರು ಕಾಯ್ದೆಯ 25(3)ರಂತೆ.

ಎರಡನೆಯದು, ಮಾರುವವರೂ ಸಾಲಗಾರರಿಗೆ ಏನಾದರೂ ಕೊಡಬೇಕಿದೆಯೇ? ಸ್ವತ್ತು ವರ್ಗಾವಣೆ ಕಾಯ್ದೆಯ 132ನೇ ಕಲಂ (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ 130ರಿಂದ 137ರವರೆಗಿನ ಕಲಮುಗಳೂ ಇದರವೇ) ಕೊಳ್ಳುವವರ ಪಾಲಿಗೆ ಕಟುವಾಗಿದೆ. ಮಾರಿದವರ ಮೇಲೆ ಸಾಲಗಾರರಿಗೆ ಇದ್ದ ಎಲ್ಲ ತಕರಾರು, ವಜಾ ಹಕ್ಕುಗಳ ಸಮೇತವೇ ಬಾಕಿ ನಿಮ್ಮ ಕೈಗೆ ಬರುತ್ತದೆ. ನಮ್ಮ ದಲಾಲರು ಅದೇ ಕಂಪನಿಯಿಂದ ಚೀಲದ ಲೆಕ್ಕಕ್ಕೆ 60,000 ಪಡೆದು ತೀರಿಸಿಲ್ಲವಾದರೆ, ನಿಮಗೆ ಸಿಗುವುದು 2,80,000. ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ; ಕಾಯ್ದೆ ಕೊಟ್ಟಿರುವ ಉದಾಹರಣೆಯೇ ಇಂಥದ್ದು. ಎರಡೂ ಕಡೆಯ ಖಾತೆ ತಾಳೆ ನೋಡದೆ ಬೆಲೆ ಕಟ್ಟಬೇಡಿ.

ಮೂರನೆಯದು, ಬಾಕಿ ನಿಜಕ್ಕೂ ಯಾರದು? ಎಪಿಎಂಸಿ ವ್ಯವಹಾರದಲ್ಲಿ ಬಿಲ್ಲು ದಲಾಲಿ ಅಂಗಡಿಯ ಹೆಸರಲ್ಲಿರುತ್ತದೆ, ಮಾಲು ರೈತರದಾಗಿರುತ್ತದೆ. ರೈತರ ಲೆಕ್ಕ ಅಂಗಡಿಯವರು ಚುಕ್ತಾ ಮಾಡಿದ್ದಾರೆ ಎಂಬುದಕ್ಕೆ ಚೀಟಿ ನೋಡಿ. ಅಂಗಡಿ ಪಾಲುದಾರಿಕೆಯದಾದರೆ ಎಲ್ಲ ಪಾಲುದಾರರ ಸಹಿ ಹಾಕಿಸಿ. ಸಂಸ್ಥೆಯ ಕ್ಲೇಮನ್ನು ಬಿಟ್ಟುಕೊಡುವ ಅಧಿಕಾರ ಒಬ್ಬ ಪಾಲುದಾರನಿಗೆ ತಾನಾಗಿ ಇರುವುದಿಲ್ಲ ಎಂದು 1932ರ ಪಾಲುದಾರಿಕೆ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಅಣ್ಣ ಬರೆದುಕೊಟ್ಟದ್ದನ್ನು ತಮ್ಮ ಬಂದು ಅಲ್ಲಗಳೆಯುವುದು ಈ ದಾರಿಯಿಂದಲೇ.

ಕೈಯಲ್ಲಿ ಚೆಕ್ ಇದೆಯೇ? ಬೌನ್ಸ್ ಆದ ಚೆಕ್ಕಿನ ಮೇಲೆ ಕ್ರಿಮಿನಲ್ ದೂರು ಕೊಡುವ ಹಕ್ಕು ಪೇಯಿ (ಚೆಕ್ಕಿನಲ್ಲಿ ಹೆಸರಿರುವವರು) ಅಥವಾ ಕ್ರಮಬದ್ಧ ಧಾರಕರಿಗೆ (ಬೆಲೆ ಕೊಟ್ಟು ಚೆಕ್ಕನ್ನೇ ಪಡೆದವರಿಗೆ) ಮಾತ್ರ. ಬಾಕಿ ಕೊಂಡಿದ್ದೇನೆ ಎಂಬ ಪತ್ರ ತೋರಿಸಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ರ ದೂರು ಹಾಕಲು ಹೋಗಬೇಡಿ, ತಿರಸ್ಕಾರವಾಗುತ್ತದೆ. ಆ ದೂರನ್ನು ಮಾರಿದವರೇ ನಡೆಸಬೇಕು, ಬಂದ ಹಣ ನಿಮಗೆ ಸೇರಬೇಕು ಎಂದು ಪತ್ರದಲ್ಲೇ ಬರೆಸಿ. ಪ್ರಾಮಿಸರಿ ನೋಟಾದರೆ ಈ ಪತ್ರದ ಗೊಡವೆಯೇ ಬೇಡ. ಹಿಂಬರಹ ಮಾಡಿ ಕೈಗೆ ಕೊಟ್ಟರೆ ಮುಗಿಯಿತು, 137ನೇ ಕಲಂ ಅದನ್ನು ಹೊರಗಿಟ್ಟಿದೆ. ಅಡಮಾನದ ಸಾಲವಾದರೆ ಅದು ಸ್ಥಿರಾಸ್ತಿಯ ಲೆಕ್ಕ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು.

ಪತ್ರ ಬರೆಸುವುದು

130ನೇ ಕಲಂ ಕೇಳುವುದು ಎರಡೇ: ಲಿಖಿತ ಪತ್ರ, ಮತ್ತು ವರ್ಗಾಯಿಸುವವರ ಅಥವಾ ಅವರ ಅಧಿಕೃತ ಪ್ರತಿನಿಧಿಯ ಸಹಿ. ಸಹಿ ಬಿದ್ದ ಕ್ಷಣಕ್ಕೆ ಹಕ್ಕು ದಾಟುತ್ತದೆ. ಸಾಲಗಾರರ ಒಪ್ಪಿಗೆ ಬೇಕಿಲ್ಲ, ನೋಂದಣಿ ಬೇಕಿಲ್ಲ, ಪ್ರತಿಫಲವೂ ಕಡ್ಡಾಯವಲ್ಲ. ಬಾಯಿಮಾತಿಗೆ, ವಾಟ್ಸಾಪ್ ಸಂದೇಶಕ್ಕೆ, ಖಾತೆ ಪುಸ್ತಕದಲ್ಲಿ ಹೆಸರು ಬದಲಿಸಿದ್ದಕ್ಕೆ ಕಿಮ್ಮತ್ತಿಲ್ಲ.

ನಡುವಿನ ಮುಖ್ಯ ಸಾಲು ಹೀಗಿರಲಿ: ‘ಕೆಳಗಿನ ಅನುಸೂಚಿಯಲ್ಲಿ ವಿವರಿಸಿದ ಬಿಲ್ಲುಗಳ ಪ್ರಕಾರ …… ಅವರಿಂದ ನನಗೆ ಬರಬೇಕಾದ ಅಸಲು 3,40,000 (ಮೂರು ಲಕ್ಷ ನಲವತ್ತು ಸಾವಿರ) ರೂಪಾಯಿಗಳನ್ನೂ, ಅದರ ಮೇಲಿನ ಬಡ್ಡಿಯನ್ನೂ, ಅದನ್ನು ವಸೂಲು ಮಾಡಿಕೊಳ್ಳುವ ಎಲ್ಲ ಹಕ್ಕು ಪರಿಹಾರಗಳನ್ನೂ ಈ ದಿನ 2,40,000 ರೂಪಾಯಿಗಳನ್ನು ಬ್ಯಾಂಕ್ ಮೂಲಕ ಪಡೆದುಕೊಂಡು ನಿಮಗೆ ಸಂಪೂರ್ಣವಾಗಿ ವರ್ಗಾಯಿಸಿದ್ದೇನೆ.’ ಅನುಸೂಚಿಯಲ್ಲಿ ಬಿಲ್ ನಂಬರು, ತಾರೀಕು, ಕ್ವಿಂಟಲ್, ದರ, ಜಮಾ ಆದ ಮೊತ್ತ, ನಿಂತ ಬಾಕಿ ಒಂದೊಂದಾಗಿ ಬರಲಿ. ‘ನನಗೆ ಬರಬೇಕಾದ ಎಲ್ಲ ಬಾಕಿ’ ಎಂಬ ಅಸ್ಪಷ್ಟ ಸಾಲು ಮುಂದೆ ಜಗಳಕ್ಕೆ ದಾರಿ. ‘ನಷ್ಟ ಪರಿಹಾರದ ದಾವೆ ಹೂಡುವ ಹಕ್ಕು’ ಎಂಬ ಮಾತು ಮಾತ್ರ ಎಲ್ಲೂ ನುಸುಳದಂತೆ ನೋಡಿಕೊಳ್ಳಿ. ಹಳೆಯ ಮಾದರಿ ಪತ್ರಗಳನ್ನು ನಕಲು ಹೊಡೆಯುವ ಬರಹಗಾರರು ಅದನ್ನು ಅಭ್ಯಾಸಬಲದಿಂದ ಸೇರಿಸಿಬಿಡುತ್ತಾರೆ. ಪತ್ರ ಪೂರ್ತಿ ಬೀಳದಿದ್ದರೂ ಎದುರು ವಕೀಲರಿಗೆ ಒಂದು ವರ್ಷದ ವಾದಕ್ಕೆ ಸಾಮಗ್ರಿ ಸಿಗುತ್ತದೆ.

ಬಾಕಿಯನ್ನು ತುಂಡು ಮಾಡಿ ಅರ್ಧ ಮಾತ್ರ ಬರೆದುಕೊಡುವ ಯೋಚನೆ ಬಿಡಿ. ಒಂದೇ ಬಿಲ್ಲಿನ ಮೇಲೆ ಇಬ್ಬರು ಎರಡು ದಾವೆ ಹಾಕುವ ಪರಿಸ್ಥಿತಿ ಯಾರಿಗೂ ಹಿತವಲ್ಲ.

ಸಾಲಗಾರರು ಕೊಡುವ ತಾಕತ್ತಿನಲ್ಲಿದ್ದಾರೆ ಎಂಬ ಖಾತ್ರಿಯನ್ನು ಕೆಲವರು ಬರೆಸುತ್ತಾರೆ. 133ನೇ ಕಲಮಿನಂತೆ ಬೇರೆ ಮಾತು ಇಲ್ಲದಿದ್ದರೆ ಆ ಖಾತ್ರಿ ವರ್ಗಾವಣೆಯ ದಿನಕ್ಕೆ ಮಾತ್ರ ಅನ್ವಯ, ಪ್ರತಿಫಲವಿದ್ದಲ್ಲಿ ಹೊಣೆಯೂ ಆ ಪ್ರತಿಫಲದ ಮಿತಿಗೇ. ಮಾರುವವರು ಈ ಸಾಲನ್ನು ಒಪ್ಪದಿರುವುದೇ ಲೇಸು. ಕೊಳ್ಳುವವರು ಅದರ ಬದಲಿಗೆ ‘ಬಾಕಿ ನಿಜವಾದದ್ದು, ಹಿಂದೆ ಯಾರಿಗೂ ಬರೆದುಕೊಟ್ಟಿಲ್ಲ, ಬ್ಯಾಂಕಿಗೆ ಒತ್ತೆ ಇಟ್ಟಿಲ್ಲ, ವಜಾ ಮಾಡಬೇಕಾದದ್ದು ಏನೂ ಇಲ್ಲ, ಸುಳ್ಳಾದರೆ ಹಣ ಹಿಂದಿರುಗಿಸುತ್ತೇನೆ’ ಎಂದು ಬರೆಸಲಿ. ಬ್ಯಾಂಕಿನಲ್ಲಿ ಓಡಿ ಅಥವಾ ಕ್ಯಾಷ್ ಕ್ರೆಡಿಟ್ ಇರುವ ಅಂಗಡಿಗಳು ಬರಬೇಕಾದ ಬಾಕಿಗಳನ್ನೆಲ್ಲ ಬ್ಯಾಂಕಿಗೆ ಮೊದಲೇ ಒತ್ತೆ ಇಟ್ಟಿರುವುದು ಮಾಮೂಲು.

ವಸೂಲಿಗೆಂದು ಬರೀ ಅಧಿಕಾರ ಪತ್ರ ಬರೆಸಿಕೊಂಡು ಹಣ ಕೊಡುವವರೂ ಇದ್ದಾರೆ. ಇದು ಕಡಿಮೆ ಖರ್ಚಿನದೆಂದು ಕಾಣುತ್ತದೆ. ಆದರೆ ಸಾಮಾನ್ಯ ಅಧಿಕಾರ ಪತ್ರವನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು, ಅವರು ತೀರಿಕೊಂಡರೆ ಅದೂ ತೀರಿತು. ಹಣ ಕೊಟ್ಟಿದ್ದರೆ ವರ್ಗಾವಣೆಯನ್ನೇ ಬರೆಸಿ.

ಛಾಪಾ ಕಾಗದದ ವಿಚಾರ ಚುಟುಕು. ‘ನೂರು ರೂಪಾಯಿ ಬಾಂಡ್ ಪೇಪರ್ ಸಾಕು’ ಎಂಬ ಮಾತನ್ನು ನಂಬಬೇಡಿ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಅನುಸೂಚಿ ನೋಡಿ ಆ ದಿನದ ದರದಂತೆ ಇ-ಸ್ಟ್ಯಾಂಪ್ ತೆಗೆಯಿರಿ. ಕಡಿಮೆ ಮುದ್ರಾಂಕದ ಪತ್ರವನ್ನು 34ನೇ ಕಲಂ ಸಾಕ್ಷ್ಯವಾಗಿ ಒಳಗೆ ಬಿಡುವುದಿಲ್ಲ. ಬಿಡಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ. ಹಳೆಯ ತಾರೀಕಿನ ಕಾಗದ ಹುಡುಕಿ ತರುವುದು, ನೋಟರಿ ಸೀಲು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುವುದು, ಎರಡೂ ದುಬಾರಿ ತಪ್ಪುಗಳು. ಜಿಎಸ್‌ಟಿ ಚಿಂತೆ ಬೇಡ: ಲಾಟರಿ, ಜೂಜಿನಂಥವು ಬಿಟ್ಟರೆ ಇಂಥ ಕ್ಲೇಮುಗಳನ್ನು ಮೂರನೇ ಅನುಸೂಚಿ ತೆರಿಗೆಯ ಹೊರಗಿಟ್ಟಿದೆ. ಆದರೆ ಬಾಕಿ ಕೊಳ್ಳುವುದನ್ನೇ ದಂಧೆಯಾಗಿ ನಡೆಸಹೊರಟರೆ 2011ರ ಫ್ಯಾಕ್ಟರಿಂಗ್ ನಿಯಂತ್ರಣ ಕಾಯ್ದೆ, ರಿಸರ್ವ್ ಬ್ಯಾಂಕಿನ ನೋಂದಣಿ ಅಡ್ಡ ಬರುತ್ತವೆ.

ನೋಟಿಸು: ಅದೇ ದಿನ, ಅದೇ ಸಂಜೆ

ಪತ್ರ ಸಿಂಧುವಾಗಲು ನೋಟಿಸು ಬೇಕಿಲ್ಲ. ಹಣ ಉಳಿಯಲು ಬೇಕು. ವರ್ಗಾವಣೆಯಾದದ್ದು ಗೊತ್ತಿಲ್ಲದ ಸಾಲಗಾರರು ಮಾರಿದವರಿಗೇ ಹಣ ಕೊಟ್ಟುಬಿಟ್ಟರೆ ಅವರ ಸಾಲ ತೀರಿತು. ನೀವು ಮಾರಿದವರ ಬೆನ್ನು ಹತ್ತಬೇಕು. ಅದರಿಂದ ಸಹಿ ಆದ ದಿನವೇ ನೋಟಿಸು ಹೋಗಬೇಕು.

131ನೇ ಕಲಮಿನ ಪ್ರಕಾರ ನೋಟಿಸು ಲಿಖಿತವಾಗಿರಬೇಕು. ಮಾರಿದವರ ಅಥವಾ ಅವರ ಪ್ರತಿನಿಧಿಯ ಸಹಿ ಇರಬೇಕು. ಅವರು ಸಹಿ ಹಾಕಲು ಒಪ್ಪದಿದ್ದರೆ ಕೊಂಡವರು ಹಾಕಬಹುದು. ಕೊಂಡವರ ಹೆಸರು ಮತ್ತು ವಿಳಾಸ ಇರಲೇಬೇಕು. ವ್ಯವಹಾರ ಮುಗಿದ ಮೇಲೆ ಮಾರಿದವರನ್ನು ಸಹಿಗೆ ಹುಡುಕುವುದು ಕಷ್ಟ, ಆದ್ದರಿಂದ ಪತ್ರದ ಜೊತೆಗೇ ನೋಟಿಸಿಗೂ ಸಹಿ ಪಡೆಯಿರಿ. ಮಾದರಿ:

‘…… ಅವರಿಗೆ. ತಾವು ನಮ್ಮ ಬಿಲ್ ನಂ. …… ದಿನಾಂಕ …… ಪ್ರಕಾರ ಕೊಡಬೇಕಾದ 3,40,000 ರೂಪಾಯಿ ಬಾಕಿಯನ್ನು ಬಡ್ಡಿ ಸಮೇತ ದಿನಾಂಕ …… ರ ಪತ್ರದ ಮೂಲಕ …… (ವಿಳಾಸ ……) ಅವರಿಗೆ ವರ್ಗಾಯಿಸಿದ್ದೇನೆ. ಇನ್ನು ಮುಂದೆ ಈ ಬಾಕಿಯನ್ನು ಅವರಿಗೇ, ಈ ಬ್ಯಾಂಕ್ ಖಾತೆಗೆ ಪಾವತಿಸತಕ್ಕದ್ದು. ನನಗಾಗಲಿ ಬೇರೆ ಯಾರಿಗಾಗಲಿ ಕೊಟ್ಟದ್ದು ಈ ಬಾಕಿಗೆ ಜಮಾ ಆಗುವುದಿಲ್ಲ.’

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಮುದ್ರಿಸಿ ಇಟ್ಟುಕೊಳ್ಳಿ. ಜೊತೆಗೆ ಸಾಲಗಾರರ ಅಂಗಡಿಗೆ ಒಂದು ಪ್ರತಿ ಕೈಯಾರೆ ಕೊಟ್ಟು ಸೀಲು, ಸಹಿ, ಸಮಯ ಹಾಕಿಸಿ. ಪಾಲುದಾರಿಕೆ ಸಂಸ್ಥೆಗಾದರೆ ಸಂಸ್ಥೆಗೂ ಪಾಲುದಾರರಿಗೂ ಪ್ರತ್ಯೇಕ ಕಳಿಸಿ.

ಕೋರ್ಟಿಗೆ ಹೋಗುವುದಾದರೆ

ಕೊಂಡವರು ತಮ್ಮ ಹೆಸರಿನಲ್ಲೇ ದಾವೆ ಹೂಡಬಹುದು, ಮಾರಿದವರನ್ನು ಪಕ್ಷಕಾರರನ್ನಾಗಿ ಸೇರಿಸಲೇಬೇಕೆಂದಿಲ್ಲ. ಆದರೂ ಸಾಕ್ಷಿಗೆ ಬೇಕಾಗುತ್ತಾರೆ, ಮಾಲು ಕೊಟ್ಟದ್ದು ಅವರೇ ತಾನೆ. ಬಂದು ಸಾಕ್ಷಿ ಹೇಳುತ್ತೇನೆ, ಮೂಲ ಬಿಲ್ಲು ಪುಸ್ತಕ ಹಾಜರು ಮಾಡುತ್ತೇನೆ ಎಂಬ ಷರತ್ತು ಪತ್ರದಲ್ಲೇ ಇರಲಿ. ಕೋರ್ಟು ಶುಲ್ಕ ನೀವು ಕೊಟ್ಟ 2,40,000ದ ಮೇಲಲ್ಲ, ದಾವೆಯಲ್ಲಿ ಕೇಳುವ ಪೂರ್ತಿ ಮೊತ್ತದ ಮೇಲೆ. ಬೆಲೆ ಕಟ್ಟುವಾಗಲೇ ಇದನ್ನು ಕಳೆದುಕೊಳ್ಳಿ. ಮೊತ್ತ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯವಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ತುರ್ತು ಪರಿಹಾರ ಕೇಳದಿದ್ದರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. 2022ರ ಪಾಟೀಲ್ ಆಟೊಮೇಶನ್ ತೀರ್ಪಿನ ಮೇಲೆ ಇದು ಕಡ್ಡಾಯ. ಆ ಮೆಟ್ಟಿಲು ಬಿಟ್ಟ ದಾವೆ ಬಾಗಿಲಲ್ಲೇ ತಿರಸ್ಕೃತ. ಮಧ್ಯಸ್ಥಿಕೆಯಲ್ಲಿ ಕಳೆದ ಸಮಯ ಕಾಲಮಿತಿಗೆ ಲೆಕ್ಕವಿಲ್ಲ.

ದಾವೆ ನಡೆಯುತ್ತಿರುವಾಗಲೇ ಬಾಕಿ ಕೊಂಡಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶದ 10ನೇ ನಿಯಮದಡಿ ಅನುಮತಿ ಕೇಳಿ ಒಳಗೆ ಬನ್ನಿ. ಬರದಿದ್ದರೆ ದಾವೆ ಮಾರಿದವರ ಹೆಸರಿನಲ್ಲೇ ಮುಂದುವರಿಯುತ್ತದೆ, ಅವರು ರಾಜಿ ಮಾಡಿಕೊಂಡು ಹೋದರೂ ಅದರ ಬಿಸಿ ನಿಮಗೇ. ಡಿಕ್ರಿ ಕೊಂಡಿದ್ದರೆ 21ನೇ ಆದೇಶದ 16ನೇ ನಿಯಮದಂತೆ ಡಿಕ್ರಿ ಕೊಟ್ಟ ನ್ಯಾಯಾಲಯಕ್ಕೇ ಅಮಲ್ಜಾರಿ ಅರ್ಜಿ ಹಾಕಬೇಕು. ಮಾರಿದವರಿಗೂ ಸಾಲಗಾರರಿಗೂ ನೋಟಿಸು ಹೋಗಿ, ಆಕ್ಷೇಪಣೆ ಕೇಳಿದ ಮೇಲೆ ಮುಂದಿನದು. ಹಣದ ಡಿಕ್ರಿ ಜಾರಿಗೆ 12 ವರ್ಷ ಕಾಲಾವಕಾಶವಿದೆ, ಹಾಗಾಗಿ ಹಳೆಯ ಬಾಕಿಗಿಂತ ಹಳೆಯ ಡಿಕ್ರಿಗೆ ಬೆಲೆ ಹೆಚ್ಚು. 1955ರ ಜುಗಲ್‌ಕಿಶೋರ್ ಸರಾಫ್ ಪ್ರಕರಣ ಇಲ್ಲಿ ಓದಬೇಕಾದದ್ದು. ಅಲ್ಲಿ ಹತ್ತಿ ಕಂಪನಿಯೊಂದು ಬಾಕಿ ಕೊಂಡದ್ದು ದಾವೆ ನಡೆಯುತ್ತಿದ್ದಾಗ, ಡಿಕ್ರಿ ಬಂದದ್ದು ಹಳಬರ ಹೆಸರಿಗೆ. 16ನೇ ನಿಯಮದ ಬಾಗಿಲು ತೆರೆಯದೆ 146ನೇ ಕಲಮಿನ ಮೂಲಕ ಒಳಗೆ ಬರಬೇಕಾಯಿತು. ಇಷ್ಟು ಸುತ್ತು ಬೇಡವೆಂದೇ ಆಮೇಲೆ ಆ ನಿಯಮಕ್ಕೆ ವಿವರಣೆಯೊಂದನ್ನು ಸೇರಿಸಿದರು.

ಪಾಲಿನ ಕರಾರು, ಮತ್ತು ವಕೀಲರು

ಬಾಕಿ ಮಾರದೆ, ‘ನೀವು ಖರ್ಚು ಹಾಕಿ, ಗೆದ್ದರೆ ಇಷ್ಟು ಪಾಲು’ ಎಂಬ ಕರಾರೂ ಆಗಬಹುದು. ನಷ್ಟದ ದಾವೆಯಂಥ ಮಾರಲಾಗದ ಹಕ್ಕುಗಳಿಗೆ ಉಳಿದ ದಾರಿ ಇದೇ. ದಾವೆ ಮೂಲ ಹಕ್ಕುದಾರರ ಹೆಸರಿನಲ್ಲೇ ನಡೆಯುತ್ತದೆ, ಹಣ ಹಾಕಿದವರಿಗೆ ಪಾಲು ಕರಾರಿನಿಂದ ಬರುತ್ತದೆ. ಅಳತೆಗೋಲು 1876ರದ್ದೇ. ಹಾಕುವ ಖರ್ಚಿಗೂ ಕೇಳುವ ಪಾಲಿಗೂ ಸರಿಸುಮಾರು ಹೊಂದಿಕೆ ಇರಲಿ, ಕರಾರು ಹಕ್ಕುದಾರರಿಗೆ ತಿಳಿಯುವ ಕನ್ನಡದಲ್ಲಿರಲಿ, ರಾಜಿ ಮಾಡಿಕೊಳ್ಳುವ ತೀರ್ಮಾನ ಅವರ ಕೈಯಲ್ಲೇ ಉಳಿಯಲಿ. ಐವತ್ತು ಸಾವಿರ ಖರ್ಚು ಮಾಡಿ ಹತ್ತು ಲಕ್ಷದ ಮುಕ್ಕಾಲು ಪಾಲು ಕೇಳುವ ಕಾಗದವನ್ನು ನ್ಯಾಯಾಧೀಶರು ಯಾವ ಕಣ್ಣಿನಿಂದ ನೋಡುತ್ತಾರೆಂದು ವಿವರಿಸಬೇಕಿಲ್ಲ.

ಈ ಪಾಲುದಾರ ನಿಮ್ಮ ವಕೀಲರಾಗಿರುವಂತಿಲ್ಲ. ವಕೀಲರು, ನ್ಯಾಯಾಧೀಶರು, ನ್ಯಾಯಾಲಯದ ಅಧಿಕಾರಿಗಳು ಇಂಥ ಕ್ಲೇಮು ಕೊಳ್ಳುವುದನ್ನು 136ನೇ ಕಲಂ ತಡೆದಿದೆ. ಬಾರ್ ಕೌನ್ಸಿಲಿನ 20ನೇ ನಿಯಮ ಗೆಲುವಿನ ಮೇಲೆ ನಿಂತ ಫೀಸನ್ನೂ, 21ನೇ ನಿಯಮ ಕ್ಲೇಮಿನಲ್ಲಿ ಪಾಲನ್ನೂ ನಿಷೇಧಿಸುತ್ತವೆ. ವಕೀಲರಲ್ಲದ ಹೊರಗಿನವರು ವ್ಯಾಜ್ಯಕ್ಕೆ ಹಣ ಹಾಕಿ ಫಲಿತಾಂಶದ ಮೇಲೆ ವಾಪಸು ಪಡೆಯಲು ತಡೆ ಕಾಣುವುದಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಹೇಳಿದೆ.

ಕರಾರು ಲಂಡನ್ನಿನ ಕಾನೂನಿನದಾದರೆ

ಮೆಕ್ಕೆಜೋಳ ರಫ್ತು ಮಾಡುವವರು ಗಾಫ್ಟಾ (ಧಾನ್ಯ ಮತ್ತು ಪಶು ಆಹಾರ ವ್ಯಾಪಾರದ ಅಂತರರಾಷ್ಟ್ರೀಯ ಸಂಘ) ಮಾದರಿಯ ಕರಾರಿಗೆ ಸಹಿ ಹಾಕಿದ್ದರೆ ಅದಕ್ಕೆ ಇಂಗ್ಲಿಷ್ ಕಾನೂನು, ಪಂಚಾಯ್ತಿಯೂ (ಆರ್ಬಿಟ್ರೇಶನ್) ಲಂಡನ್ನಿನಲ್ಲಿ. ಅಲ್ಲಿ ಲೆಕ್ಕ ತಿರುಗಾ ಮುರುಗಾ. ನಮ್ಮಲ್ಲಿ ಮಾರಲಾಗದ ನಷ್ಟಪರಿಹಾರದ ಹಕ್ಕನ್ನೂ ಅಲ್ಲಿ ಮಾರಬಹುದು, ಕೊಳ್ಳುವವರಿಗೆ ಆ ವ್ಯಾಜ್ಯದಲ್ಲಿ ನಿಜವಾದ ವಾಣಿಜ್ಯ ಹಿತಾಸಕ್ತಿ ಮೊದಲೇ ಇದ್ದರೆ. 1967ರ ಕ್ರಿಮಿನಲ್ ಕಾನೂನು ಕಾಯ್ದೆ ಬಂದ ಮೇಲೆ ಚಾಂಪರ್ಟಿ ಅಲ್ಲಿ ಅಪರಾಧವಲ್ಲ. ಆದರೆ ಅದೇ ಕಾಯ್ದೆಯ 14(2) ಕರಾರನ್ನು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಅನೂರ್ಜಿತಗೊಳಿಸುವ ಅಧಿಕಾರವನ್ನು ಉಳಿಸಿಕೊಂಡಿದೆ.

ಗೆರೆ ಎಲ್ಲಿದೆ ಎಂಬುದನ್ನು ಟ್ರೆಂಡ್‌ಟೆಕ್ಸ್ ಪ್ರಕರಣ ತೋರಿಸುತ್ತದೆ. ನೈಜೀರಿಯಾಕ್ಕೆ ಸಿಮೆಂಟ್ ಮಾರಿ ಹಣ ಸಿಗದ ಕಂಪನಿ, ತನಗೆ ಸಾಲ ಕೊಟ್ಟಿದ್ದ ಸ್ವಿಸ್ ಬ್ಯಾಂಕಿಗೆ ಕ್ಲೇಮು ಬರೆದುಕೊಟ್ಟಿತು. ಸಾಲ ಕೊಟ್ಟವರಿಗೆ ಹಿತಾಸಕ್ತಿ ಇದ್ದೇ ಇದೆ, ಅಷ್ಟಕ್ಕೇ ನಿಂತಿದ್ದರೆ ತಕರಾರಿರಲಿಲ್ಲ. ಆದರೆ ಆ ಕರಾರಿನ ಉದ್ದೇಶವೇ ಹೆಸರು ಹೇಳದ ಮೂರನೆಯವರಿಗೆ ದಾಟಿಸುವುದಾಗಿತ್ತು: 8 ಲಕ್ಷ ಡಾಲರಿಗೆ ಕೊಂಡದ್ದು 11 ಲಕ್ಷಕ್ಕೆ ಕೈಬದಲಾಯಿತು, ಕೊನೆಗೆ ರಾಜಿಯಾದದ್ದು 80 ಲಕ್ಷಕ್ಕೆ. ಇದು ವ್ಯಾಜ್ಯದ ವ್ಯಾಪಾರ ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಅನೂರ್ಜಿತಗೊಳಿಸಿತು. 2011ರ ಸಿಂಪ್ಸನ್ ಪ್ರಕರಣದಲ್ಲಿ ಆಸ್ಪತ್ರೆಯ ಮೇಲಿನ ಗಾಯದ ಕ್ಲೇಮನ್ನು ಒಂದು ಪೌಂಡಿಗೆ ಕೊಂಡವರು ಆಸ್ಪತ್ರೆಯ ವಿರುದ್ಧ ಚಳವಳಿ ನಡೆಸುತ್ತಿದ್ದವರು. ಉದ್ದೇಶ ಒಳ್ಳೆಯದಿದ್ದರೂ ಅದು ಕಾನೂನು ಕೇಳುವ ಹಿತಾಸಕ್ತಿಯಲ್ಲ ಎಂದಿತು ನ್ಯಾಯಾಲಯ. ದಿವಾಳಿಯಾದ ಕಂಪನಿಯ ಲಿಕ್ವಿಡೇಟರ್ (ಅದರ ಆಸ್ತಿ ಮಾರಿ ಸಾಲ ತೀರಿಸುವ ಅಧಿಕಾರಿ) ಮಾರಿದರೆ ಮಾತ್ರ ಈ ತಕರಾರು ಏಳುವುದಿಲ್ಲ.

ಹಾಗಾಗಿ ಲಂಡನ್ ಕರಾರಿನ ಕ್ಲೇಮು ಕೊಳ್ಳುವವರು ತಮ್ಮ ಹಿತಾಸಕ್ತಿ ಏನೆಂದು ಪತ್ರದ ಪೀಠಿಕೆಯಲ್ಲೇ ಬರೆಯಬೇಕು: ಸಾಲ ಕೊಟ್ಟವರು, ಮಾಲು ಪೂರೈಸಿದವರು, ಷೇರುದಾರರು, ಇಂಥದ್ದು. ಮರುಮಾರಾಟದ ಮಾತು ಎಲ್ಲೂ ಬರಬಾರದು. ಅಲ್ಲಿನ 1925ರ ಆಸ್ತಿ ಕಾಯ್ದೆಯ 136ನೇ ಕಲಂ ಪೂರ್ತಿ ಕ್ಲೇಮಿನ ವರ್ಗಾವಣೆ, ಮಾರುವವರ ಸಹಿ, ಸಾಲಗಾರರಿಗೆ ಲಿಖಿತ ನೋಟಿಸು ಮೂರನ್ನೂ ಕೇಳುತ್ತದೆ. ಅದೇ ಅಂಕಿಯ ನಮ್ಮ ಕಲಮಿಗೂ ಇದಕ್ಕೂ ಗೊಂದಲ ಬೇಡ. ನಮ್ಮಲ್ಲಿ ನೋಟಿಸು ಎಚ್ಚರಿಕೆಯ ಮಾತು, ಅಲ್ಲಿ ಅದು ಹಕ್ಕಿನ ಒಂದು ಅಂಗ. ನೋಟಿಸು ತಪ್ಪಿದರೆ ಕೊಂಡವರು ಒಬ್ಬರೇ ನಿಲ್ಲಲಾಗದೆ ಮಾರಿದವರನ್ನೂ ಪಕ್ಷಕಾರರನ್ನಾಗಿ ಎಳೆತರಬೇಕಾಗುತ್ತದೆ. ಇನ್ನು ರಫ್ತಿನ ಹಣ ಬ್ಯಾಂಕಿನ ಮೂಲಕವೇ ದೇಶಕ್ಕೆ ಬರಬೇಕಾದ್ದರಿಂದ, ಪತ್ರಕ್ಕೆ ಸಹಿ ಹಾಕುವ ಮೊದಲು ನಿಮ್ಮ ರಫ್ತು ದಾಖಲೆ ನೋಡಿಕೊಳ್ಳುವ ಬ್ಯಾಂಕ್ ಶಾಖೆಗೆ ಕರಡನ್ನು ತೋರಿಸಿ, ಲಿಖಿತ ಉತ್ತರ ಪಡೆದುಕೊಳ್ಳಿ.